ಚೀಲ ಹೋಯಿತು, ಹಳದಿ ಇಳಿಯಿತು: ಇಯುಎಸ್ ಡ್ರೈನೇಜ್ ಮಾಡಿಸಿದವರ ಮನೆಯಿಂದ

ಮೊದಲೇ ಅಂಕ ಕೊಟ್ಟುಬಿಡುತ್ತೇನೆ: ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಚಿಕಿತ್ಸೆಯದ್ದಲ್ಲ, ಅದರ ಸುತ್ತಮುತ್ತಲಿನ ವ್ಯವಸ್ಥೆಯದ್ದು. ಅದನ್ನು ಆಮೇಲೆ ಹೇಳುತ್ತೇನೆ. ಫೋನಿಗೆ, ಹೋಟೆಲಿಗೆ ಬರೆಯುವ ಹಾಗೆ ಆಸ್ಪತ್ರೆ ಚಿಕಿತ್ಸೆಗೂ ವಿಮರ್ಶೆ ಬರೆಯೋದಾ ಅಂತ ನಮ್ಮವರೇ, ಅಂದರೆ ಚಿಕಿತ್ಸೆ ಮಾಡಿಸಿಕೊಂಡ ನನ್ನ ಗಂಡನೇ, ನಕ್ಕರು. ಆದರೂ ಬರೆಯುತ್ತಿದ್ದೇನೆ. ನಮಗೆ ಬೇಕಾಗಿದ್ದ ಹೊತ್ತಿನಲ್ಲಿ ಸಿಕ್ಕಿದ್ದೆಲ್ಲ ಡಾಕ್ಟರುಗಳು ಡಾಕ್ಟರುಗಳಿಗೆ ಬರೆದದ್ದು. ನಾಳ ಮುಚ್ಚದ ಹಾಗೆ ಒಳಗೆ ಕೂರಿಸುವ ಕೊಳವೆ, ಅಂದರೆ ಸ್ಟೆಂಟ್, ಎಷ್ಟು ಮಿಲಿಮೀಟರ್ ಅಂತ ಅದರಲ್ಲಿತ್ತು. ರೋಗಿಗೆ ರಾತ್ರಿ ನಿದ್ದೆ ಬರುತ್ತಾ ಅಂತ ಇರಲಿಲ್ಲ.

ಚಿಕಿತ್ಸೆಯ ಹೆಸರು ಉದ್ದ. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ನೆರವಿನಿಂದ ಪಿತ್ತನಾಳದ ಡ್ರೈನೇಜ್. ಆಸ್ಪತ್ರೆಯಲ್ಲಿ ಎಲ್ಲರೂ 'ಇಯುಎಸ್ ಡ್ರೈನೇಜ್' ಅನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಇದು ಕ್ಯಾನ್ಸರ್‌ಗೆ ಔಷಧಿ ಅಲ್ಲ. ಕ್ಯಾನ್ಸರ್ ಗಡ್ಡೆ ಪಿತ್ತದ ದಾರಿಯನ್ನು ಮುಚ್ಚಿ ಕಾಮಾಲೆ ತಂದಾಗ, ಪಿತ್ತಕ್ಕೆ ಬೇರೆ ದಾರಿ ಮಾಡಿಕೊಡುವುದು. ಅಷ್ಟೇ ಕೆಲಸ.

ನಮ್ಮವರಿಗೆ ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್‌ನ ತಲೆಯ ಭಾಗದಲ್ಲಿ ಗಡ್ಡೆ. ಲಿವರ್ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರ್ ತನಕ ಪಿತ್ತ ತಯಾರಿಸುತ್ತದೆ. ಅದು ಒಂದು ನಾಳದಲ್ಲಿ ಸಣ್ಣ ಕರುಳಿಗೆ ಇಳಿಯುತ್ತದೆ. ಆ ನಾಳದ ಕೊನೆಯ ತುಂಡು ಪ್ಯಾಂಕ್ರಿಯಾಸ್‌ನ ತಲೆಯೊಳಗಿಂದಲೇ ಹಾದುಹೋಗುತ್ತದೆ. ಅಲ್ಲಿ ಗಡ್ಡೆ ಬೆಳೆದರೆ ನಾಳ ಹಿಸುಕಿಕೊಳ್ಳುತ್ತದೆ. ಕೆಳಗೆ ಇಳಿಯಲಾಗದ ಪಿತ್ತ ರಕ್ತಕ್ಕೆ ಸೇರುತ್ತದೆ. ಕಣ್ಣು ಹಳದಿ, ಮೈ ಹಳದಿ, ಮೂತ್ರ ಕಡುಬಣ್ಣ. ಮಲ ಮಾತ್ರ ಬಿಳಿಚಿಕೊಳ್ಳುತ್ತದೆ. ಕರುಳಿಗೆ ಪಿತ್ತ ಬಂದರೆ ತಾನೆ ಅದಕ್ಕೆ ಬಣ್ಣ? ಗಡ್ಡೆ ಪಕ್ಕದ ದೊಡ್ಡ ರಕ್ತನಾಳಕ್ಕೆ ಸುತ್ತಿಕೊಂಡಿತ್ತು. ಸದ್ಯಕ್ಕೆ ಆಪರೇಷನ್ ಆಗಲ್ಲ, ಕೀಮೋ ಕೊಡೋಣ ಅಂದರು. ಆದರೆ ಕೀಮೋ ಶುರು ಮಾಡಬೇಕಾದರೆ ರಕ್ತದಲ್ಲಿ ಬಿಲಿರುಬಿನ್ (ಪಿತ್ತದಲ್ಲಿರುವ ಹಳದಿ ಬಣ್ಣದ ಅಂಶ) ಇಳಿಯಬೇಕು. ಎಲ್ಲರಿಗೂ ಒಂದರ ಆಸುಪಾಸಿನಲ್ಲಿ ಇರಬೇಕಾದ್ದು ಇವರಿಗೆ 18 ದಾಟಿತ್ತು.

ಹಳದಿ ಬಣ್ಣ ನೋಡುವವರಿಗೆ ಗಾಬರಿ. ರೋಗಿಗೆ ನಿಜವಾದ ಹಿಂಸೆ ತುರಿಕೆ. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಇದು ಸೊಳ್ಳೆ ಕಚ್ಚಿದ ತುರಿಕೆ ಅಲ್ಲ. ಚರ್ಮದ ಮೇಲೆ ಏನೂ ಇರುವುದಿಲ್ಲ, ಕೆರೆದರೂ ಸಮಾಧಾನ ಇಲ್ಲ. ಅಂಗೈ, ಅಂಗಾಲಿನಲ್ಲಿ ಶುರುವಾಗಿ ರಾತ್ರಿಯಾದರೆ ಮೈಯೆಲ್ಲ. ಉಗುರು ಎಷ್ಟು ಚಿಕ್ಕದಾಗಿ ಕತ್ತರಿಸಿದರೂ ಬೆಳಗ್ಗೆ ಹಾಸಿಗೆಯ ಮೇಲೆ ರಕ್ತದ ಗೆರೆ. ಬಾಚಣಿಗೆಯಲ್ಲಿ ಬೆನ್ನು ಕೆರೆದುಕೊಳ್ಳುತ್ತಿದ್ದರು. ಅಲರ್ಜಿ ಮಾತ್ರೆ ಕೊಟ್ಟರು, ತೂಕಡಿಕೆ ಬಂತು, ತುರಿಕೆ ಹಾಗೇ ಇತ್ತು. ಕೊಲೆಸ್ಟೈರಮೈನ್ ಅಂತ ಒಂದು ಪುಡಿ ಕೊಟ್ಟರು. ಅದು ಕರುಳಿನಲ್ಲಿ ಪಿತ್ತದ ಆಮ್ಲಗಳನ್ನು ಹಿಡಿದಿಟ್ಟು ಮಲದಲ್ಲಿ ಹೊರಗೆ ಹಾಕುತ್ತದಂತೆ. ನಾಳ ಪೂರ್ತಿ ಮುಚ್ಚಿದವರಲ್ಲಿ ಪಿತ್ತ ಕರುಳಿಗೆ ಇಳಿದೇ ಇರುವುದಿಲ್ಲವಲ್ಲ, ಆ ಪುಡಿ ಹಿಡಿಯುವುದು ಏನನ್ನು? ನಾನು ಕೇಳಿದ್ದಕ್ಕೆ ಚಿಕ್ಕ ಡಾಕ್ಟರ್ ನಕ್ಕು, 'ನೀವು ಹೇಳೋದು ಸರಿ, ಮೇಡಂ' ಅಂದರು. ಕ್ಯಾನ್ಸರ್ ಅಂತ ಗೊತ್ತಾದ ದಿನ ಗಟ್ಟಿಯಾಗಿ ಕೂತಿದ್ದ ಮನುಷ್ಯ ತುರಿಕೆ ತಡೆಯಲಾರದೆ ಅತ್ತರು. ಇದು ಪೂರ್ತಿ ಹೋಗಬೇಕಾದರೆ ಪಿತ್ತ ಇಳಿಸಬೇಕು.

ಎಲ್ಲ ಕಡೆ ಮೊದಲು ಮಾಡುವುದು ಇಆರ್‌ಸಿಪಿ. 1968ರಿಂದ ಇರುವ ವಿಧಾನ. ಬಾಯಿಯ ಮೂಲಕ ಸ್ಕೋಪ್ (ತುದಿಯಲ್ಲಿ ಕ್ಯಾಮೆರಾ ಇರುವ ಬಳುಕುವ ಕೊಳವೆ) ಇಳಿಸಿ, ಪಿತ್ತನಾಳ ಕರುಳಿಗೆ ತೆರೆದುಕೊಳ್ಳುವ ಬಾಯಿಯನ್ನು ಹುಡುಕಿ, ಅದರೊಳಗೆ ಕೆಳಗಿನಿಂದ ಮೇಲಕ್ಕೆ ತಂತಿ ತೂರಿಸಿ, ಗಡ್ಡೆ ಇರುವ ಜಾಗ ದಾಟಿಸಿ ಸ್ಟೆಂಟ್ ಕೂರಿಸುತ್ತಾರೆ. ಬಹಳಷ್ಟು ಜನರಿಗೆ ಇದರಲ್ಲೇ ಮುಗಿದುಹೋಗುತ್ತದೆ. ನಮಗೆ ಆಗಲಿಲ್ಲ. ಗಡ್ಡೆ ಕರುಳಿನ ಮೊದಲ ತಿರುವನ್ನೂ ಒತ್ತಿಬಿಟ್ಟಿತ್ತು. ಊಟ ಇಳಿಯುತ್ತಿತ್ತು, ಸ್ಕೋಪ್ ಇಳಿಯಲಿಲ್ಲ. ಮೊದಲೇ ಹೊಟ್ಟೆಯ ಆಪರೇಷನ್ ಆಗಿ ಕರುಳಿನ ಜೋಡಣೆ ಬದಲಾದವರಿಗೂ, ಆ ನಾಳದ ಬಾಯಿಗೇ ಗಡ್ಡೆ ಹಬ್ಬಿದವರಿಗೂ ಹೀಗೇ ಆಗುತ್ತದಂತೆ.

ಅಷ್ಟರಲ್ಲಿ ಚಳಿ ಜ್ವರ ಬಂತು. ನಿಂತ ಪಿತ್ತದಲ್ಲಿ ಸೋಂಕು. ಕಾಯುವ ಹಾಗಿಲ್ಲ ಅಂತ ಹೊರಗಿನಿಂದ ಪಕ್ಕೆಯ ಹತ್ತಿರ ಸೂಜಿ ಚುಚ್ಚಿ ಲಿವರ್‌ನೊಳಗಿನ ನಾಳಕ್ಕೆ ಕೊಳವೆ ಹಾಕಿದರು. ಇದಕ್ಕೆ ಪಿಟಿಬಿಡಿ ಅನ್ನುತ್ತಾರೆ. ಆ ರಾತ್ರಿ ಇವರನ್ನು ಉಳಿಸಿದ್ದು ಅದೇ. ಅದಕ್ಕೆ ಕೊಡಬೇಕಾದ ಮರ್ಯಾದೆ ಕೊಟ್ಟೇ ಮುಂದಿನದನ್ನು ಹೇಳುತ್ತೇನೆ.

ಪಿಟಿಬಿಡಿ ಅಂದರೆ ಮೈಯಿಂದ ಹೊರಗೆ ಒಂದು ಕೊಳವೆ, ಅದರ ತುದಿಗೆ ಒಂದು ಚೀಲ. ಆ ಚೀಲದ ಜೊತೆ ಸಂಸಾರ ಮಾಡಬೇಕು. ಮಲಗುವಾಗ ಕೊಳವೆ ಎಳೆಯಬಾರದು, ಒಂದೇ ಮಗ್ಗುಲು. ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚಿದ ಹಾಗೆ. ಸಲೈನ್ ಬಿಟ್ಟು ಕೊಳವೆ ತೊಳೆಯಬೇಕು, ಡ್ರೆಸಿಂಗ್ ಬದಲಿಸಬೇಕು, ಚೀಲ ಖಾಲಿ ಮಾಡಿ ಎಷ್ಟು ಬಂತು ಅಂತ ಬರೆದಿಡಬೇಕು. ಸುತ್ತ ಸೋರಿ ಅಂಗಿಗೆಲ್ಲ ಹಸಿರು ಹಳದಿ ಕಲೆ, ತೊಳೆದರೂ ಹೋಗದು. ಜನ ಬಂದರೆ ಶಾಲು ಹೊದ್ದು ಕೂರುತ್ತಿದ್ದರು. ಇದೆಲ್ಲ ಕಣ್ಣಿಗೆ ಕಾಣುವುದು. ಕಾಣದ್ದು ಇನ್ನೊಂದಿದೆ. ಚೀಲಕ್ಕೆ ಹೋಗುವ ಪಿತ್ತದ ಜೊತೆ ಮೈಯ ನೀರು, ಉಪ್ಪಿನ ಅಂಶ ಎರಡೂ ಹೋಗುತ್ತವೆ. ಪಿತ್ತ ಕರುಳಿಗೆ ಹೋಗದ ಕಾರಣ ಕೊಬ್ಬೂ ಜೀರ್ಣ ಆಗುವುದಿಲ್ಲ, ವಿಟಮಿನ್ ಕೆ ಕೂಡ ಮೈಗೆ ಹತ್ತುವುದಿಲ್ಲ. ಚೀಲ ಚೆನ್ನಾಗಿ ತುಂಬುತ್ತಿದೆ ಅಂತ ನಾವು ಖುಷಿಪಡುತ್ತಿದ್ದಾಗ ಇವರು ಸುಸ್ತಾಗಿ ಏಳಲಾರದೆ ಮಲಗುತ್ತಿದ್ದರು. ಸೋಡಿಯಂ ಕಡಿಮೆಯಾಗಿದೆ ಅಂತ ಗೊತ್ತಾದದ್ದು ರಕ್ತ ಪರೀಕ್ಷೆಯಲ್ಲಿ. ಹೀಗಾಗಬಹುದು ಅಂತ ಮನೆಗೆ ಕಳಿಸುವಾಗ ಯಾರೂ ಹೇಳಿರಲಿಲ್ಲ. ಗಡ್ಡೆಯನ್ನು ದಾಟಿಸಿ ಕರುಳಿನ ತನಕ ಇಳಿಸುವ ಕೊಳವೆಯೂ ಇದೆ, ಆಗ ಪಿತ್ತ ಒಳಕ್ಕೇ ಹೋಗುತ್ತದೆ. ಸೋಂಕು ಇದ್ದುದರಿಂದ ನಮಗೆ ಆ ದಿನ ಅದನ್ನು ಪ್ರಯತ್ನಿಸಲಿಲ್ಲ.

ಕೊನೆಗೆ ಒಂದು ಬೆಳಗ್ಗೆ ಚೀಲ ಖಾಲಿ, ಬಟ್ಟೆ ಒದ್ದೆ. ಕೊಳವೆ ಜಾರಿಬಿಟ್ಟಿತ್ತು. ಇದು ಅಪರೂಪದ ಸಂಗತಿ ಏನಲ್ಲವಂತೆ. ಕಣ್ಣು ಮತ್ತೆ ಹಳದಿ ತಿರುಗಿತು, ತುರಿಕೆ ವಾಪಸ್ ಬಂತು. ಪುನಃ ಚುಚ್ಚೋಣ ಅಂದಾಗ ನಮ್ಮವರು 'ಬೇಡ' ಅಂದುಬಿಟ್ಟರು. ನನ್ನ ಮಗಳು ಅವಳ ಪರಿಚಯದ ಡಾಕ್ಟರನ್ನು ಕೇಳಿ ಇನ್ನೊಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಇಯುಎಸ್ ಡ್ರೈನೇಜ್ ಅನ್ನುವ ಮಾತು ನಮ್ಮ ಕಿವಿಗೆ ಬಿದ್ದದ್ದು ಅಲ್ಲೇ.

ಅಲ್ಲಿನ ಡಾಕ್ಟರ್ ಒಂದು ಹಳೇ ರಿಪೋರ್ಟಿನ ಹಿಂದೆ ಪೆನ್ಸಿಲ್‌ನಲ್ಲಿ ಚಿತ್ರ ಬರೆದು ತೋರಿಸಿದರು. ಆ ಹಾಳೆ ಈಗಲೂ ಫೈಲಿನಲ್ಲಿದೆ. ಮಾಮೂಲಿ ಎಂಡೋಸ್ಕೋಪ್‌ನ ತುದಿಯಲ್ಲಿ ಕ್ಯಾಮೆರಾ ಇರುತ್ತದೆ, ಗೋಡೆಯ ಈಚೆಗಿನದನ್ನು ಮಾತ್ರ ನೋಡುತ್ತದೆ. ಇದರ ತುದಿಯಲ್ಲಿ ಕ್ಯಾಮೆರಾದ ಜೊತೆ ಅಲ್ಟ್ರಾಸೌಂಡ್ ಕೂಡ ಇದೆ. ಜಠರದ ಒಳಗೋಡೆಗೆ ಒತ್ತಿ ಹಿಡಿದರೆ ಆಚೆ ಕಡೆಯ ಲಿವರ್, ಅದರೊಳಗೆ ಉಬ್ಬಿದ ಪಿತ್ತನಾಳ, ಪಕ್ಕದ ರಕ್ತನಾಳ ಎಲ್ಲ ಕಾಣುತ್ತವೆ. ಮುಚ್ಚಿದ ಬಾಗಿಲನ್ನು ಕೆಳಗಿನಿಂದ ತಳ್ಳುವ ಬದಲು ಗೋಡೆಯಲ್ಲೇ ಹೊಸ ಬಾಗಿಲು ಕೊರೆಯೋದು ಅಂದರು. ಪಿತ್ತ ಗಡ್ಡೆಯ ತಂಟೆಗೇ ಹೋಗದೆ ನೇರ ಜಠರಕ್ಕೋ ಕರುಳಿಗೋ ಬೀಳುತ್ತದೆ. ಮೈ ಹೊರಗೆ ಏನೂ ಇರುವುದಿಲ್ಲ.

ಇದು ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಫ್ರಾನ್ಸಿನ ಮಾರ್ಕ್ ಜಿಯೊವನಿನಿ ಅವರ ತಂಡ 2001ರಲ್ಲಿ ಮೊದಲು ಹೀಗೆ ಪಿತ್ತನಾಳವನ್ನು ಕರುಳಿಗೆ ಜೋಡಿಸಿದ್ದನ್ನು ಪ್ರಕಟಿಸಿತು. ಅಂದರೆ ಎರಡು ದಶಕ ದಾಟಿದೆ.

ದಾರಿ ಮುಖ್ಯವಾಗಿ ಎರಡು. ಒಂದು, ಕರುಳಿನ ಮೊದಲ ಭಾಗದಿಂದ ಪಕ್ಕದಲ್ಲೇ ಹಾದುಹೋಗುವ ದೊಡ್ಡ ಪಿತ್ತನಾಳಕ್ಕೆ. ಇದಕ್ಕೆ ಈಗ ಎರಡೂ ತುದಿ ಅಗಲವಾಗಿ ನಡು ಸಣ್ಣಗಿರುವ ಗಿಡ್ಡ ಲೋಹದ ಸ್ಟೆಂಟ್ ಬಂದಿದೆ. ಅದನ್ನು ಕೂರಿಸುವ ಉಪಕರಣದ ತುದಿಯಲ್ಲೇ ವಿದ್ಯುತ್ತಿನಿಂದ ಸುಟ್ಟು ತೂತು ಮಾಡುವ ವ್ಯವಸ್ಥೆ ಇರುವುದರಿಂದ ಕೆಲಸ ಬೇಗ ಮುಗಿಯುತ್ತದೆ. ಆದರೆ ನಾಳ ಸಾಕಷ್ಟು ಉಬ್ಬಿರಬೇಕು, ಇಲ್ಲದಿದ್ದರೆ ಸ್ಟೆಂಟ್ ಒಳಗೆ ಅರಳಲು ಜಾಗ ಇರುವುದಿಲ್ಲ. ಇನ್ನೊಂದು, ಜಠರದಿಂದ ಲಿವರ್‌ನ ಎಡಭಾಗದ ನಾಳಕ್ಕೆ. ನಮ್ಮವರಿಗೆ ಕರುಳಿನ ಆ ಭಾಗವೇ ಗಡ್ಡೆಯಿಂದ ಕಿರಿದಾಗಿದ್ದರಿಂದ ಎರಡನೆಯದನ್ನು ಆರಿಸಿದರು. ಮೊದಲನೆಯದು ಸುಲಭ, ಇದು ಸ್ವಲ್ಪ ಕಷ್ಟದ್ದು ಅಂತ ಡಾಕ್ಟರ್ ಮುಚ್ಚುಮರೆ ಇಲ್ಲದೆ ಹೇಳಿದರು. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಆ ಮಾತಿನಿಂದಲೇ.

ಆಮೇಲೆ ಒಪ್ಪಿಗೆ ಪತ್ರ. ನಾನು ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ನಿವೃತ್ತಳಾದವಳು. 'ಇಲ್ಲಿ ಸಹಿ, ಇಲ್ಲೊಂದು ಸಹಿ' ಅಂತ ಜನರ ಕೈಲಿ ಹಾಕಿಸಿಕೊಂಡೇ ಸರ್ವಿಸ್ ಮುಗಿಸಿದೆ. ಓದದೆ ಸಹಿ ಹಾಕುವವರ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು. ಹಾಗಾಗಿ ಕುರ್ಚಿ ಎಳೆದುಕೊಂಡು ಪೂರ್ತಿ ಓದಿದೆ. ಪಿತ್ತ ಜಠರದ ಹೊರಗೆ, ಹೊಟ್ಟೆಯ ಪೊಳ್ಳಿಗೆ ಸೋರಬಹುದು. ರಕ್ತ ಹೋಗಬಹುದು. ಸೋಂಕಾಗಬಹುದು. ಸ್ಟೆಂಟ್ ಜಾರಬಹುದು. ತುರ್ತು ಆಪರೇಷನ್ ಬೇಕಾಗಬಹುದು, ಪ್ರಾಣಕ್ಕೂ ಅಪಾಯ ಇರಬಹುದು. ಇವುಗಳಲ್ಲಿ ನಮ್ಮ ಕೇಸಿಗೆ ಯಾವುದರ ಭಯ ಜಾಸ್ತಿ ಅಂತ ಕೇಳಿದೆ. ಸ್ಟೆಂಟ್ ಜಾರುವುದು ಅಂದರು. ಜಠರ ಸುಮ್ನೆ ಕೂರುವ ಅಂಗ ಅಲ್ಲ, ಉಸಿರಾಡಿದಾಗೆಲ್ಲ ಲಿವರ್ ಒಂದು ಕಡೆ, ಜಠರ ಒಂದು ಕಡೆ ಆಡುತ್ತದೆ. ಸ್ಟೆಂಟ್‌ನ ತುದಿ ಜಠರದಿಂದ ಕಳಚಿ ಹೊಟ್ಟೆಯ ಪೊಳ್ಳಿಗೆ ಬಿದ್ದರೆ ದೊಡ್ಡ ಅನಾಹುತ. ಅದಕ್ಕೇ ಉದ್ದದ ಸ್ಟೆಂಟ್ ಆರಿಸಿ, ಜಠರದೊಳಗೆ ಕನಿಷ್ಠ ಮೂರು ಸೆಂಟಿಮೀಟರ್ ಉಳಿಯುವ ಹಾಗೆ ನೋಡಿಕೊಳ್ಳುತ್ತಾರೆ.

ನಾನು ಇನ್ನೂ ನಾಲ್ಕು ಮಾತು ಕೇಳಿದೆ. ನೀವು ಸ್ವತಃ ಈ ದಾರಿಯಲ್ಲಿ ಎಷ್ಟು ಮಾಡಿದ್ದೀರಿ? ಆಗದಿದ್ದರೆ ಅದೇ ದಿನ ಮುಂದೇನು? ಹೊರಗಿನಿಂದ ಕೊಳವೆ ಹಾಕುವವರು, ಸರ್ಜನ್ ಇಬ್ಬರೂ ಇದೇ ಕಟ್ಟಡದಲ್ಲಿ ಇದ್ದಾರಾ? ಮನೆಗೆ ಹೋದ ಮೇಲೆ ರಾತ್ರಿ ಜ್ವರ ಬಂದರೆ ಫೋನ್ ಎತ್ತುವವರು ಯಾರು? ಮೊದಲ ಮೂರಕ್ಕೆ ಸಮಾಧಾನದ ಉತ್ತರ ಸಿಕ್ಕಿತು. ನಾಲ್ಕನೆಯದಕ್ಕೆ ಒಂದು ನಂಬರ್ ಕೊಟ್ಟರು. ಆ ನಂಬರಿನ ಕಥೆ ಮುಂದೆ ಬರುತ್ತದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇದು ಬೇಕಾಗಿದ್ದರೆ ಈ ಎಲ್ಲ ಪ್ರಶ್ನೆಗಳಲ್ಲಿ ಮೊದಲನೆಯದನ್ನಾದರೂ ಕೇಳಿ. ಸಂಕೋಚ ಬೇಡ. ಇದು ಕೈಚಳಕದ ಕೆಲಸ. ಸೂಜಿ, ತಂತಿ, ಸ್ಟೆಂಟ್ ಎಲ್ಲ ಕಡೆ ಒಂದೇ. ಪರದೆಯ ಮೇಲೆ ಬೂದು ಬಣ್ಣದ ನೆರಳು ನೋಡಿ ಯಾವುದು ಪಿತ್ತನಾಳ, ಯಾವುದು ರಕ್ತನಾಳ ಅಂತ ತಿಳಿಯುವ ಕಣ್ಣು ಎಲ್ಲ ಕಡೆ ಒಂದೇ ಅಲ್ಲ. ಚೆನ್ನಾಗಿ ಮಾಡುವ ಡಾಕ್ಟರಿಗೆ ಈ ಪ್ರಶ್ನೆ ಕೇಳಿದರೆ ಬೇಜಾರಾಗುವುದಿಲ್ಲ, ನಾನು ನೋಡಿದ ಮಟ್ಟಿಗೆ.

ಚಿಕಿತ್ಸೆಗೆ ಮುಂಚೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿದರು. ಐಎನ್‌ಆರ್ ಏರಿತ್ತು, ಅಂದರೆ ರಕ್ತ ಹೆಪ್ಪುಗಟ್ಟಲು ಜಾಸ್ತಿ ಹೊತ್ತು ಹಿಡಿಯುತ್ತಿತ್ತು. ಪಿತ್ತ ಇಲ್ಲದೆ ವಿಟಮಿನ್ ಕೆ ಹೀರಿಕೊಳ್ಳದೆ ಹೀಗಾಗುತ್ತದೆ. ಇಂಜೆಕ್ಷನ್ ಕೊಟ್ಟು ಸರಿಯಾದ ಮೇಲೆಯೇ ದಿನ ಗೊತ್ತು ಮಾಡಿದರು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮೊದಲೇ ಹೇಳಿಬಿಡಬೇಕು. ಹೊಟ್ಟೆಯಲ್ಲಿ ನೀರು ತುಂಬಿದೆಯಾ ಅಂತ ಸ್ಕ್ಯಾನ್‌ನಲ್ಲಿ ನೋಡಿದರು, ಲಿವರ್‌ಗೂ ಜಠರಕ್ಕೂ ನಡುವೆ ನೀರಿದ್ದರೆ ಸೋರುವ ಭಯ ಜಾಸ್ತಿ. ಹಿಂದಿನ ರಾತ್ರಿಯಿಂದ ಊಟ ಇಲ್ಲ. ಆಂಟಿಬಯಾಟಿಕ್ ಹಾಕಿ, ಪೂರ್ತಿ ಅರಿವಳಿಕೆ ಕೊಟ್ಟು ಒಳಗೆ ಕರೆದುಕೊಂಡು ಹೋದರು.

ಒಳಗೆ ನಡೆದದ್ದನ್ನು ಡಾಕ್ಟರ್ ಆಮೇಲೆ ಎಕ್ಸ್-ರೇ ಚಿತ್ರ ತೋರಿಸಿ ವಿವರಿಸಿದರು. ಜಠರದಿಂದ ಲಿವರ್‌ನ ಎಡಭಾಗ ನೋಡಿ, ದಾರಿಯಲ್ಲಿ ರಕ್ತನಾಳ ಇಲ್ಲ ಅಂತ, ರಕ್ತದ ಓಟ ತೋರಿಸುವ ಡಾಪ್ಲರ್‌ನಲ್ಲಿ ಖಾತ್ರಿ ಮಾಡಿಕೊಂಡು ಸೂಜಿ ಚುಚ್ಚಿದರು. ಸ್ವಲ್ಪ ಎಳೆದು ನೋಡಿ ಬಂದದ್ದು ಪಿತ್ತವೇ ಅಂತ ತಿಳಿದ ಮೇಲೆ ಬಣ್ಣದ ಔಷಧಿ ಬಿಟ್ಟರು. ಎಕ್ಸ್-ರೇಯಲ್ಲಿ ನಾಳಗಳೆಲ್ಲ ಎದ್ದು ಕಂಡವು. ಸೂಜಿಯೊಳಗಿಂದ ತಂತಿ, ತಂತಿಯ ಮೇಲಿಂದ ದಾರಿಯನ್ನು ಸ್ವಲ್ಪ ಹಿಗ್ಗಿಸುವುದು, ಅದರ ಮೇಲೆ ಸ್ಟೆಂಟ್. ನಮ್ಮವರದ್ದು 8 ಮಿಲಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದ. ಲಿವರ್‌ನೊಳಗಿನ ತುದಿಗೆ ಹೊದಿಕೆ ಇಲ್ಲ, ಪಕ್ಕದ ಸಣ್ಣ ನಾಳಗಳು ಮುಚ್ಚಿಹೋಗಬಾರದು ಅಂತ. ಉಳಿದ ಭಾಗಕ್ಕೆ ಹೊದಿಕೆ ಇದೆ, ನಡುವೆ ಪಿತ್ತ ಸೋರಬಾರದು ಅಂತ. ಯೋಚನೆ ಮಾಡಿ ಮಾಡಿದ ವಸ್ತು ಅನ್ನಿಸಿತು ನನಗೆ. ಸ್ಟೆಂಟ್ ಅರಳಿದ ಕೂಡಲೇ ಪಿತ್ತ ಜಠರಕ್ಕೆ ಸುರಿಯುವುದು ಕ್ಯಾಮೆರಾದಲ್ಲಿ ಕಂಡಿತಂತೆ. ನಾವು ಹೊರಗೆ ಕಾದದ್ದು ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ, ಅದರಲ್ಲಿ ಅರಿವಳಿಕೆಯ ಸಮಯವೂ ಸೇರಿದೆ.

ನೋವು ಇತ್ತು. ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೊಟ್ಟೆಯ ಮೇಲ್ಭಾಗದಲ್ಲಿ ಬಿಗಿ, ಎರಡನೇ ರಾತ್ರಿ ಸ್ವಲ್ಪ ಜ್ವರ. ಸಿಟಿ ತೆಗೆದು ಸ್ಟೆಂಟ್ ಜಾಗದಲ್ಲಿದೆ, ಸೋರಿಕೆ ಇಲ್ಲ ಅಂತ ನೋಡಿದರು. ಆಂಟಿಬಯಾಟಿಕ್ ಮುಂದುವರಿಸಿದರು, ಇಳಿಯಿತು. ಬರೀ ನೀರು, ಆಮೇಲೆ ಮೆತ್ತನೆಯದು, ಆಮೇಲೆ ಮಾಮೂಲಿ ಊಟ. ಪಿತ್ತ ಜಠರಕ್ಕೆ ಬಿದ್ದರೆ ಬಾಯಿ ಕಹಿ ಆಗುತ್ತಾ, ವಾಂತಿ ಬರುತ್ತಾ ಅಂತ ನಮ್ಮವರಿಗೆ ದೊಡ್ಡ ಯೋಚನೆ ಇತ್ತು. ಹಾಗೇನೂ ಆಗಲಿಲ್ಲ, ಜಠರದಿಂದ ಕೆಳಗೆ ಇಳಿದುಹೋಗುತ್ತದೆ. ಆಗಾಗ ಎದೆಯುರಿ ಇರುತ್ತದೆ, ಅದಕ್ಕೊಂದು ಮಾತ್ರೆ.

ಮೊದಲು ಬದಲಾದದ್ದು ಮೂತ್ರದ ಬಣ್ಣ. ಆಮೇಲೆ ಮಲಕ್ಕೆ ಬಣ್ಣ ಬಂತು. ಮಲದ ಬಣ್ಣ ನೋಡಿ ಸಂತೋಷಪಡುವ ಕಾಲ ಬರುತ್ತದೆ ಅಂತ ಯಾರು ಅಂದುಕೊಂಡಿರುತ್ತಾರೆ! ನಾವಿಬ್ಬರೂ ಪಟ್ಟೆವು. ಬಿಲಿರುಬಿನ್ ಒಂದೇ ಸಲ ಇಳಿಯುವುದಿಲ್ಲ, ಎರಡು ವಾರದಲ್ಲಿ ಅರ್ಧಕ್ಕೆ ಬಂದರೆ ಕೆಲಸ ಆಗಿದೆ ಅಂತ ಡಾಕ್ಟರುಗಳ ಲೆಕ್ಕ. ನಮ್ಮದು ಅರ್ಧಕ್ಕಿಂತ ಕೆಳಗೆ ಬಂತು. ಆದರೆ ತುರಿಕೆ ಅಷ್ಟು ದಿನ ಕಾಯಲಿಲ್ಲ. ಮೈ ಇನ್ನೂ ಹಳದಿ ಇರುವಾಗಲೇ ತುರಿಕೆ ಹೋಗಿತ್ತು. ಆಸ್ಪತ್ರೆಯ ಗಡಿಯಾರ ಟಿಕ್ ಟಿಕ್ ಅನ್ನುತ್ತಿದ್ದ ಕೋಣೆಯಲ್ಲಿ, ಪಕ್ಕದ ಹಾಸಿಗೆಯವರು ಕೆಮ್ಮುತ್ತಿದ್ದರೂ, ಇವರು ಗೊರಕೆ ಹೊಡೆದರು. ಐದರಲ್ಲಿ ಎರಡು ಅಂಕ ಆ ಗೊರಕೆಗೇ.

ಕೀಮೋ ಶುರುವಾಯಿತು. ಪಿಟಿಬಿಡಿಗೆ ಹೋಲಿಸಿದರೆ ಜೀವನ ಎಷ್ಟು ಸಲೀಸು ಅಂದರೆ, ಅಂಗಿ ಬಿಚ್ಚಿದರೆ ಈ ಮನುಷ್ಯನಿಗೆ ಏನು ಮಾಡಿದ್ದಾರೆ ಅಂತ ಹೇಳುವ ಹಾಗೇ ಇಲ್ಲ. ಹಳೇ ಕೊಳವೆಯ ಗುರುತು ಒಂದಿದೆ ಅಷ್ಟೇ. ಬೇಕಾದ ಮಗ್ಗುಲಿಗೆ ಮಲಗುತ್ತಾರೆ. ಸ್ನಾನ ಮಾಡಿಸಲು ನಾನು ಬೇಕಾಗಿಲ್ಲ. ಚೀಲದ ಲೆಕ್ಕ ಬರೆಯುತ್ತಿದ್ದ ಪುಸ್ತಕದಲ್ಲಿ ಈಗ ಕೀಮೋ ತಾರೀಖು ಬರೆಯುತ್ತೇವೆ.

ಹಾಗಾದರೆ ಎಲ್ಲರೂ ಮೊದಲೇ ಇಯುಎಸ್ ಯಾಕೆ ಮಾಡಿಸಬಾರದು? ಈ ಪ್ರಶ್ನೆ ನನ್ನ ಮಗಳದ್ದು. ಅವಳೇ ಓದಿ ಉತ್ತರವನ್ನೂ ಹುಡುಕಿದಳು. 2023ರಲ್ಲಿ 'ಗ್ಯಾಸ್ಟ್ರೋಎಂಟರಾಲಜಿ' ಪತ್ರಿಕೆಯಲ್ಲಿ ಎರಡು ಅಧ್ಯಯನ ಬಂದಿವೆ. ಎರಡರಲ್ಲೂ ಮೊದಲ ಚಿಕಿತ್ಸೆಯಾಗಿಯೇ ಇಆರ್‌ಸಿಪಿ ಮತ್ತು ಇಯುಎಸ್ ಎರಡನ್ನೂ ಹೋಲಿಸಿದ್ದಾರೆ. 155 ರೋಗಿಗಳಿದ್ದ ಒಂದರಲ್ಲಿ ಸ್ಟೆಂಟ್ ಕೂರಿಸಲು ಆದದ್ದು ಇಯುಎಸ್‌ನಲ್ಲಿ ನೂರಕ್ಕೆ 96, ಇಆರ್‌ಸಿಪಿಯಲ್ಲಿ 76. ಆದರೆ ಒಂದು ವರ್ಷದ ಹೊತ್ತಿಗೆ ಸ್ಟೆಂಟ್ ಕಟ್ಟಿಕೊಳ್ಳದೆ ಉಳಿಯುವುದರಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕೆನಡಾದ ಆಸ್ಪತ್ರೆಗಳೇ ಹೆಚ್ಚಿದ್ದ ಇನ್ನೊಂದರಲ್ಲೂ ಸ್ಟೆಂಟ್ ಕೆಡುವುದು ಹೆಚ್ಚುಕಡಿಮೆ ಸಮ, ಇಯುಎಸ್‌ಗೆ ಸಮಯ ಕಡಿಮೆ. ಇಲ್ಲೊಂದು ಮಾತು ಗಮನಿಸಬೇಕು. ಅವೆರಡೂ ಕರುಳಿನಿಂದ ದೊಡ್ಡ ನಾಳಕ್ಕೆ ಹೋಗುವ ಸುಲಭದ ದಾರಿಯವು, ಪಳಗಿದ ಕೈಗಳು ಮಾಡಿದ್ದು. ನಮ್ಮದು ಜಠರದ ದಾರಿ. ಆ ಅಂಕಿಗಳನ್ನು ಇದಕ್ಕೆ ಅಂಟಿಸುವ ಹಾಗಿಲ್ಲ. ಇಆರ್‌ಸಿಪಿ ಚೆನ್ನಾಗಿ ಮಾಡುವವರು ಹತ್ತಿರದಲ್ಲಿದ್ದು, ಸ್ಕೋಪ್ ಇಳಿಯುವ ಹಾಗಿದ್ದರೆ ಅದನ್ನೇ ಮೊದಲು ಮಾಡಿಸುವುದರಲ್ಲಿ ತಪ್ಪೇನಿಲ್ಲ ಅಂತ ನನ್ನ ಅಭಿಪ್ರಾಯ. ಅದು ಆಗದೇ ಹೋದಾಗ ನೇರವಾಗಿ ಚೀಲಕ್ಕೆ ಹಾರಬೇಡಿ, ಮಧ್ಯದಲ್ಲಿ ಇದೊಂದು ಇದೆ ಅಂತ ಹೇಳುವುದಕ್ಕೇ ಇಷ್ಟು ಬರೆದದ್ದು.

ಎಲ್ಲರಿಗೂ ಹೊಂದುವುದೂ ಇಲ್ಲ. ಗಡ್ಡೆ ಲಿವರ್‌ನ ಬಾಯಲ್ಲೇ, ಎಡ ಬಲ ನಾಳಗಳು ಸೇರುವ ಜಾಗದಲ್ಲಿದ್ದರೆ ಜಠರದಿಂದ ಹಾಕಿದ ಸ್ಟೆಂಟ್ ಎಡಭಾಗವನ್ನು ಮಾತ್ರ ಖಾಲಿ ಮಾಡುತ್ತದೆ. ಬಲಕ್ಕೆ ಬೇರೆ ದಾರಿ ನೋಡಬೇಕು. ಇನ್ನು, ಬೇಗ ಆಪರೇಷನ್ ಆಗುವಂಥ ಕೇಸಾದರೆ ಪಿತ್ತ ಇಳಿಸುವ ಗೋಜಿಗೇ ಹೋಗಬೇಕಾಗಿಲ್ಲದಿರಬಹುದು. 2010ರಲ್ಲಿ ನೆದರ್ಲೆಂಡ್ಸ್‌ನ ಒಂದು ಅಧ್ಯಯನ, ಆಪರೇಷನ್‌ಗೆ ಮುಂಚೆ ಸುಮ್ಮನೆ ಎಲ್ಲರಿಗೂ ಸ್ಟೆಂಟ್ ಹಾಕಿದರೆ ತೊಂದರೆಗಳೇ ಜಾಸ್ತಿ ಅಂತ ತೋರಿಸಿತು. ಸೋಂಕಿದ್ದರೆ, ಬಿಲಿರುಬಿನ್ ತೀರಾ ಏರಿದ್ದರೆ, ಮೊದಲು ಕೀಮೋ ಕೊಡುವುದಿದ್ದರೆ ಮಾತು ಬೇರೆ. ಹಾಗಾಗಿ ಸ್ಟೆಂಟ್ ಹಾಕುವ ಮುಂಚೆ ಸರ್ಜನ್ ಒಮ್ಮೆ ಸ್ಕ್ಯಾನ್ ನೋಡಿದ್ದಾರಾ ಅಂತ ಕೇಳಿ.

ಈಗ ಆ ಒಂದು ಅಂಕದ ವಿಷಯ. ಮೊದಲ ಆಸ್ಪತ್ರೆಯಲ್ಲಿ ಇಯುಎಸ್ ಮಾಡುವವರು ಇರಲಿಲ್ಲ. ಇಲ್ಲದಿರುವುದು ತಪ್ಪಲ್ಲ. ಇಂಥದ್ದೊಂದು ಇದೆ, ಬೇರೆ ಕಡೆ ಕೇಳಿ ನೋಡಿ ಅನ್ನುವ ಒಂದು ಮಾತು ಜ್ವರ ಇಳಿದ ಮೇಲಾದರೂ ಹೇಳಬಹುದಿತ್ತು. ಎರಡನೇ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ 'ಸ್ಟೆಂಟ್ ಹಾಕಲಾಗಿದೆ' ಅಂತ ಒಂದೇ ಸಾಲು. ಎಲ್ಲಿಂದ ಎಲ್ಲಿಗೆ, ಯಾವ ತರಹದ್ದು, ಅಳತೆ ಎಷ್ಟು, ಎಂಆರ್‌ಐ ಮಾಡಬಹುದಾ, ಒಂದೂ ಇಲ್ಲ. ನಾನು ಕೌಂಟರಿನಲ್ಲಿ ನಿಂತು ಬರೆಸಿಕೊಂಡೆ. ಹಿಂದೆ ಸಾಲಿನಲ್ಲಿ ಇದ್ದವರು ಬೈದುಕೊಂಡಿರಬಹುದು, ಇರಲಿ. ರಾತ್ರಿಗೆ ಅಂತ ಕೊಟ್ಟ ಆ ನಂಬರ್ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಮಾತ್ರ ಎತ್ತುವ ನಂಬರ್.

ಅದು ಗೊತ್ತಾದದ್ದು ಹೀಗೆ. ಕೆಲವು ತಿಂಗಳು ಚೆನ್ನಾಗಿದ್ದು, ಒಂದು ರಾತ್ರಿ ನಮ್ಮವರಿಗೆ ಗಡಗಡ ನಡುಕ. ಫೋನ್ ಬಾರಿಸಿಯೇ ಬಾರಿಸಿತು. ಕಾಯದೆ ತುರ್ತು ವಿಭಾಗಕ್ಕೆ ಹೋದೆವು. ಅಲ್ಲಿದ್ದ ಹುಡುಗ ಡಾಕ್ಟರಿಗೆ ಈ ಸ್ಟೆಂಟ್ ಹೊಸದು. ಇಆರ್‌ಸಿಪಿಯದ್ದು ಅಂದುಕೊಂಡು ಕರುಳಿನ ಕಡೆ ಹುಡುಕಲು ಹೊರಟಿದ್ದರು. ನಾನು ಬರೆಸಿಕೊಂಡಿದ್ದ ಕಾಗದ, ಪೆನ್ಸಿಲ್ ಚಿತ್ರ ಎರಡನ್ನೂ ಮುಂದಿಟ್ಟೆ. ಅವರು ಚಿತ್ರದ ಫೋಟೋ ತೆಗೆದು ದೊಡ್ಡ ಡಾಕ್ಟರಿಗೆ ಕಳಿಸಿದರು. ಸ್ಟೆಂಟ್‌ನ ಒಳಗೆ ಕೆಸರು ಕಟ್ಟಿಕೊಂಡಿತ್ತು. ಮಾರನೇ ದಿನ ಮತ್ತೆ ಎಂಡೋಸ್ಕೋಪಿ ಮಾಡಿ ಚೊಕ್ಕಮಾಡಿ, ಅದರೊಳಗೇ ಇನ್ನೊಂದು ಸ್ಟೆಂಟ್ ತೂರಿಸಿದರು. ದಾರಿ ಆಗಲೇ ಇದ್ದುದರಿಂದ ಇದು ಮೊದಲಿನಷ್ಟು ದೊಡ್ಡ ಕೆಲಸ ಆಗಲಿಲ್ಲ. ಲೋಹದ ಸ್ಟೆಂಟ್ ಪ್ಲಾಸ್ಟಿಕ್‌ಗಿಂತ ಜಾಸ್ತಿ ಬಾಳುತ್ತದೆ ನಿಜ, ಶಾಶ್ವತ ಅಲ್ಲ. ಕೀಮೋ ನಡೆಯುವಾಗ ಬಂದ ಜ್ವರವನ್ನು ಎಲ್ಲರೂ ಕೀಮೋದ ಲೆಕ್ಕಕ್ಕೆ ಹಾಕುತ್ತಾರೆ. ಸ್ಟೆಂಟ್ ಇದೆ ಅಂತ ನೀವೇ ಮೊದಲು ಬಾಯಿಬಿಟ್ಟು ಹೇಳಬೇಕು. ಚಳಿ ಬಂದು ನಡುಗಿದರೆ ಬೆಳಗಾಗಲಿ ಅಂತ ಕೂರಬೇಡಿ.

ಆಸ್ಪತ್ರೆಗೆ ದೂರು ಬರೆದುಕೊಟ್ಟೆ. ನಂಬರ್ ಬದಲಾಗಿದೆ. ಹೋದ ವಾರ ರಾತ್ರಿ ಹನ್ನೊಂದಕ್ಕೆ ಸುಮ್ನೆ ಒಮ್ಮೆ ಮಾಡಿ ನೋಡಿದೆ, ಎರಡನೇ ರಿಂಗಿಗೆ ಒಬ್ಬ ಹುಡುಗಿ ಎತ್ತಿದಳು. ಏನಿಲ್ಲಮ್ಮ, ಎತ್ತುತ್ತೀರಾ ಅಂತ ನೋಡಿದೆ ಅಂದೆ. ಡಿಸ್ಚಾರ್ಜ್ ಕಾಗದ ಮಾತ್ರ ಇನ್ನೂ ಒಂದೇ ಸಾಲಿನದು. ಅದು ಸರಿಯಾದ ದಿನ ಐದನೇ ಅಂಕವನ್ನೂ ಕೊಡುತ್ತೇನೆ.